ಹಳೆಯ ಗಣಕಯಂತ್ರಕ್ಕೆ ದ್ವಾರಪಾಲಕನ ಕೆಲಸ

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಮ್ಮ ಗಣಕಕೊಠಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದ ಹಳೆಯ ಗಣಕಯಂತ್ರವೊಂದಕ್ಕೆ ಈ ವರ್ಷ ಹೊಸ ಕೆಲಸವನ್ನು ವಹಿಸಿದ್ದೇವೆ. ಅದು ಈಗ ನಮ್ಮ ರೂಟರ್. ಮನೆಗಳಲ್ಲಿಯೂ ಕೈಗೊಳ್ಳಬಹುದಾದ ಕಾರ್ಯವಾದುದರಿಂದ ಅದರ ವಿವರವನ್ನು ತಮ್ಮ ಮುಂದಿಡುತ್ತೇವೆ.

ದೇಗುಲದ ಬಾಗಿಲಲ್ಲಿ ದ್ವಾರಪಾಲಕರು ನಿಲ್ಲುವುದನ್ನು ಲೇಪಾಕ್ಷಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ರೂಟರ್ ಅಂಥದೊಂದು ದ್ವಾರಪಾಲಕ. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳು ಬೇಕು. ಒಂದಕ್ಕೆ ಹೊರಗಿನ ಇಂಟರ್‌ನೆಟ್ ತಂತಿ, ಇನ್ನೊಂದಕ್ಕೆ ಸ್ವಿಚ್ಚಿನ ಮೂಲಕ ಒಳಗಿನ ಯಂತ್ರಗಳು. 64 ಬಿಟ್‌ನ ಪ್ರೊಸೆಸರ್, 1 ಜಿಬಿ ಮೆಮೊರಿ ಇದ್ದರೆ ಸಾಕು. ಉಚಿತವಾಗಿ ದೊರೆಯುವ ಡೆಬಿಯನ್ ಲಿನಕ್ಸನ್ನು ಅದರಲ್ಲಿ ಸ್ಥಾಪಿಸಬಹುದು.

ಒಳಗಿನ ಪ್ರತಿಯೊಂದು ಯಂತ್ರಕ್ಕೂ 192.168 ಎಂದು ಆರಂಭವಾಗುವ ವಿಳಾಸವನ್ನು ರೂಟರೇ ಹಂಚುತ್ತದೆ. ಈ ವಿಳಾಸಗಳು ಹೊರಗೆ ನಡೆಯವು. ವಿದ್ಯಾರ್ಥಿನಿಲಯದ ಮಕ್ಕಳೆಲ್ಲ ಒಂದೇ ವಿಳಾಸದಿಂದ ಪತ್ರ ಬರೆದರೆ, ಉತ್ತರ ಬಂದಾಗ ವಾರ್ಡನ್ ಹೆಸರು ನೋಡಿ ಹಂಚುವರಲ್ಲವೆ? ರೂಟರೂ ಹಾಗೆಯೇ ಯಾವ ಯಂತ್ರ ಏನನ್ನು ಕೇಳಿತೆಂದು ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಅದಕ್ಕೇ ತಲುಪಿಸುತ್ತದೆ. ಕರೆಯದೆ ಹೊರಗಿನಿಂದ ಬಂದುದನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಹೀಗೆ ಒಂದು ಸಂಪರ್ಕ ಇಡೀ ತರಗತಿಗೆ ಒದಗುತ್ತದೆ.

ಅಂಗಡಿಯಲ್ಲಿ ಸಣ್ಣ ರೂಟರ್ ಸಿಗುವಾಗ ಈ ಶ್ರಮವೇಕೆ ಎಂದು ಪೋಷಕರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ಹಳೆಯ ಯಂತ್ರವು ಅದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಬಳಸುತ್ತದೆ. ಆದುದರಿಂದ ಶಾಲೆಯ ಅವಧಿ ಮುಗಿದೊಡನೆ ಅದನ್ನು ನಿಲ್ಲಿಸುತ್ತೇವೆ. ಆದರೆ ಸಣ್ಣ ರೂಟರಿಗಿಲ್ಲದ ಒಂದು ವಸ್ತು ಇದರಲ್ಲಿದೆ: ವಿಶಾಲವಾದ ಹಾರ್ಡ್ ಡಿಸ್ಕ್. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಅದರಲ್ಲಿ ಇರಿಸಿದ್ದೇವೆ. ಹೊರಗಿನ ಸಂಪರ್ಕ ಕಡಿದುಹೋದ ದಿನವೂ ಮಕ್ಕಳು ಅದನ್ನು ಓದಬಲ್ಲರು.

ಇದು ನಮಗೆ ಸಣ್ಣ ಮಾತಲ್ಲ. ಇಲ್ಲಿಯ ವೀರಭದ್ರ ದೇಗುಲದಲ್ಲಿ ಕನ್ನಡ ಶಾಸನಗಳಿವೆ. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯಾದಾಗ ಹಿಂದೂಪುರ, ಮಡಕಶಿರಾ ಸೀಮೆಗಳು ಆಂಧ್ರಪ್ರದೇಶದಲ್ಲಿ ಉಳಿದವು. ತೆಲುಗನ್ನು ಅಕ್ಕರೆಯಿಂದ ಆಡುತ್ತ, ಕನ್ನಡದಲ್ಲಿ ಕಲಿಯುವ ಮಕ್ಕಳು ನಮ್ಮವರು. ಪಠ್ಯಪುಸ್ತಕದಾಚೆಗೆ ಕನ್ನಡದ ಓದು ಅವರಿಗೆ ಸುಲಭವಾಗಿ ಕೈಗೆಟುಕುವುದಿಲ್ಲ. ಗ್ರಹಣದ ಬಗೆಗೋ ರೇಷ್ಮೆ ಹುಳುವಿನ ಬಗೆಗೋ ಸಂದೇಹ ಹುಟ್ಟಿದ ಗಳಿಗೆಯಲ್ಲಿಯೇ ತನ್ನ ನುಡಿಯಲ್ಲಿ ಉತ್ತರ ದೊರೆತರೆ ಮಗು ಮತ್ತೊಂದು ಪ್ರಶ್ನೆ ಕೇಳುತ್ತದೆ. ದೊರೆಯದಿದ್ದರೆ ಕೇಳುವುದನ್ನೇ ಬಿಡುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ತಮ್ಮ ಮನೆಗಳಲ್ಲಿ ಬಳಕೆಯಿಲ್ಲದ ಗಣಕಯಂತ್ರಗಳಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಶಾಲೆಯನ್ನು ನೆನೆಯಿರಿ. ತಮ್ಮ ದತ್ತಾಂಶವನ್ನು ಪೂರ್ಣವಾಗಿ ಅಳಿಸಿ ಕೊಡಿರಿ. ಬಿಚ್ಚಿ, ಧೂಳು ಕೊಡವಿ, ಮತ್ತೆ ಜೋಡಿಸುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳು ವಹಿಸಿಕೊಳ್ಳುವರು. ಆ ಜೋಡಣೆಯೂ ಒಂದು ಪಾಠವೇ.