ಮೊದಲ ಗಿಟಾರ್

ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರ ತಂಗುಮನೆಗಳಿದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತೆರವಾದವು. ಅಲ್ಲಿ ಪರದೇಶದವರ ಗಿಟಾರ್ ಕೇಳಿ ನನಗೂ ಆಸೆ ಹುಟ್ಟಿತ್ತು. ನಿಮಗೂ ಹುಟ್ಟಿದ್ದರೆ, ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗದೆ ತಂತಿ ಒತ್ತಿ ನೋಡಿ.

ಕುತ್ತಿಗೆಯ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳೇ ಫ್ರೆಟ್. ತಂತಿ ಅವಕ್ಕಿಂತ ಬಹಳ ಮೇಲಿದ್ದರೆ ಬೆರಳು ನೋಯುತ್ತದೆ. ತಿಂಗಳೊಳಗೆ ಗಿಟಾರ್ ಅಟ್ಟ ಸೇರುತ್ತದೆ. (ನನ್ನದು ಸೇರಿತ್ತು!) ಉಕ್ಕಿನ ತಂತಿಗಿಂತ ನೈಲಾನ್ ತಂತಿಗೆ ಬಿಗಿತ ಕಡಿಮೆ, ಬೆರಳಿಗೆ ಹಿತ.

12ನೆಯ ಫ್ರೆಟ್ ತಂತಿಯ ನಡುಮಧ್ಯ. ಉದ್ದ ಅರ್ಧವಾದರೆ ಕಂಪನ ಎರಡರಷ್ಟು ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಬಿಡಿತಂತಿ ಷಡ್ಜವಾದರೆ ಅಲ್ಲಿ ತಾರಷಡ್ಜ ಕೇಳಬೇಕು. ಹೊಸ ತಂತಿ ಹಾಕಿಸಿದರೂ ಅಪಸ್ವರವೇ? ಕೊಳ್ಳಬೇಡಿ.

ಕೊಂಡದ್ದನ್ನು ಗಂಗಾವತಿಯ ಬಿಸಿಲಿಗೆ ಕಾದ ಬಂಡೆಯ ಮೇಲೆ ಇಡಬೇಡಿ, ಅಂಟು ಬಿಟ್ಟೀತು.