ಸ್ನೇಹಿತರಾಗಿ ಹೋದ ಮಕ್ಕಳು



1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಿಂದ ಹೈಸ್ಕೂಲು ವಯಸ್ಸಿನ ಹುಡುಗ ಹುಡುಗಿಯರು ಹೊಂಡುರಾಸ್ ದೇಶದ ಹಳ್ಳಿಗಳಿಗೆ ಪೋಲಿಯೋ ಲಸಿಕೆಯ ಸೇವೆಗೆ ಹೋದರು. ಕರೆದೊಯ್ದವರು ಗೈ ಬೆವಿಲ್ ಎಂಬವರು. ಆ ಸೇವೆಯಿಂದ ಬೆಳೆದ ಸಂಸ್ಥೆಯ ಹೆಸರಿನಲ್ಲಿ ‘ಅಮಿಗೋಸ್’ ಎಂಬ ಮಾತಿದೆ. ಅದರ ಅರ್ಥ ಸ್ನೇಹಿತರು.

ಆ ಮಕ್ಕಳು ವೈದ್ಯರಲ್ಲ. ಆದರೆ ಪೋಲಿಯೋದಿಂದ ಸೋತ ಕಾಲಿಗೆ ಮದ್ದಿಲ್ಲ, ಲಸಿಕೆಯೇ ಕಾವಲು. ಮನೆಮನೆಗೆ ಸುದ್ದಿ ಮುಟ್ಟಿಸುವುದು, ಅಂಜುವ ತಾಯಿಗೆ ಧೈರ್ಯ ಹೇಳುವುದು, ತಪ್ಪಿಹೋದ ಮಗುವನ್ನು ಗುರುತಿಸುವುದು, ಇವಕ್ಕೆ ಪದವಿ ಬೇಡ. ಕಲಿಸಿದಷ್ಟನ್ನೇ ಮಾಡುವ ಶಿಸ್ತು ಬೇಕು. ಮಿಕ್ಕದ್ದನ್ನು ವೈದ್ಯರಿಗೆ ಬಿಡಬೇಕು.

ನಿಮ್ಮೂರಿನಲ್ಲಿ ಲಸಿಕೆ ಹಾಕುವ ದಿನ ಬೆಳೆದ ಮಕ್ಕಳನ್ನು ಈ ಕೆಲಸಕ್ಕೆ ಕಳುಹಿಸಿಕೊಡಿ. ಅವರು ಕಡಲು ದಾಟಬೇಕಿಲ್ಲ. ಪಕ್ಕದ ಕೇರಿಯವರೆಗೆ ನಡೆದರೆ ಸಾಕು.