ಹಾಳು ಹಿತ್ತಲಿಗೆ ಮರುಜೀವ

ನಿಮ್ಮಲ್ಲಿ ಅನೇಕರಿಗೆ ಪೇಟೆಯಲ್ಲೊಂದು ಮನೆಯುಂಟು, ಹಳ್ಳಿಯಲ್ಲೊಂದು ಹಿತ್ತಲುಂಟು. ಪೇಟೆಯ ಮನೆಗೆ ಆಗಾಗ ಸುಣ್ಣಬಣ್ಣದ ಭಾಗ್ಯ. ಹಳ್ಳಿಯ ಹಿತ್ತಲಿಗೆ ವರ್ಷಕ್ಕೊಮ್ಮೆ ನಿಮ್ಮ ನಿಟ್ಟುಸಿರು. ಹಿರಿಯರು ಇದ್ದಷ್ಟು ಕಾಲ ಅಲ್ಲಿ ಹೂವಿತ್ತು, ಸೊಪ್ಪಿತ್ತು, ಉಪ್ಪಿನಕಾಯಿಗೆ ಹೆರಳೆಯಿತ್ತು. ಅವರು ಹೋದಮೇಲೆ ಬೇಲಿ ಬಿತ್ತು, ಲಂಟಾನ ಎದ್ದಿತು. ಜಾತ್ರೆಗೋ ತಿಥಿಗೋ ಊರಿಗೆ ಹೋದಾಗ ಹಿಂಬಾಗಿಲು ತೆರೆದು ನೋಡುತ್ತೀರಿ. "ಒಂದು ದಿನ ಇದನ್ನು ಸರಿಪಡಿಸಬೇಕು" ಎನ್ನುತ್ತೀರಿ. ಬಾಗಿಲು ಮುಚ್ಚಿ ಬಸ್ಸು ಹತ್ತುತ್ತೀರಿ. ಆ ಒಂದು ದಿನ ಬಂದಾಗ ಏನು ಮಾಡಬೇಕು, ಅದಕ್ಕೂ ಮೊದಲು ಏನು ಮಾಡಬಾರದು ಎಂಬುದೇ ಈ ಹೊತ್ತಿನ ಮಾತು.

ಮಾಡಬಾರದ್ದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಮಾಡಿ ಕಲಿತೆ. ಹಾಸನದ ಕಡೆಯ ನಮ್ಮೂರಿನ ಹಿತ್ತಲು ತಾಯಿ ತೀರಿಕೊಂಡ ಮೇಲೆ ಆರು ವರ್ಷ ಹಾಳುಬಿದ್ದಿತ್ತು. ಒಂದು ಬೇಸಗೆಯ ರಜದಲ್ಲಿ ನನಗೆ ಉತ್ಸಾಹ ಬಂದು, ನಾಲ್ಕು ಆಳುಗಳನ್ನು ಕರೆದು, ಎರಡೇ ದಿನದಲ್ಲಿ ನೆಲವನ್ನು ಬೋಳಾಗಿಸಿದೆ. ಬಾವಿಯ ಪಕ್ಕದಲ್ಲಿ ಒಣಕಡ್ಡಿಗಳ ಪೊದೆಯೊಂದಿತ್ತು. "ಇದನ್ನೂ ಬೇರು ಸಹಿತ ಕೀಳಪ್ಪ" ಎಂದೆ. ಗೌರಿ ಹಬ್ಬಕ್ಕೆ ಬಂದ ಅಕ್ಕ ಹೂಬುಟ್ಟಿ ಹಿಡಿದು ಹಿತ್ತಲಿಗೆ ಹೋದಳು, ಬರಿಗೈಯಲ್ಲಿ ಹಿಂದಿರುಗಿ, "ಅಮ್ಮನ ಮಲ್ಲಿಗೆ ಎಲ್ಲೋ?" ಎಂದಳು. ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದವನಿಗೆ ಅಂದು ಉತ್ತರ ಹೊಳೆಯಲಿಲ್ಲ.

ಆದುದರಿಂದ ಹೊಸಬರಿಗೆ ನನ್ನ ಮೊದಲ ಮಾತು: ಗುದ್ದಲಿಗೆ ಮುಂಚೆ ನೋಟ್ ಪುಸ್ತಕ ಹಿಡಿಯಿರಿ. ಬೇಸಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಚಳಿಯಲ್ಲಿ ಒಮ್ಮೆ ಹಿತ್ತಲಲ್ಲಿ ಅಡ್ಡಾಡಿ. ಬಿಸಿಲು ಎಲ್ಲಿ ಬೀಳುತ್ತದೆ, ಮಳೆಯ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂದು ಒಂದು ನಕ್ಷೆ ಬರೆದುಕೊಳ್ಳಿ. ಗುರುತು ಸಿಗದ ಗಿಡಕ್ಕೆಲ್ಲ ಒಂದು ಬಟ್ಟೆಯ ಚೂರು ಕಟ್ಟಿ, ಊರಿನ ಹಿರಿಯ ಹೆಂಗಸರೊಬ್ಬರನ್ನು ಕರೆದು ಕೇಳಿ. ಸತ್ತಂತೆ ಕಾಣುವ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಅದಕ್ಕೆ ಜೀವವಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಹಿತ್ತಲ ಗಿಡದ ಹೆಸರನ್ನೇ ಬಲ್ಲದವರಾಗಿದ್ದೇವೆ.

ಎರಡನೆಯದು, ತೆಗೆಯಬೇಕಾದುದನ್ನು ತಿಳಿದು ತೆಗೆಯುವುದು. ಲಂಟಾನ ನಮ್ಮ ನಾಡಿನದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಹೂಗಿಡವೆಂದು ಭಾರತಕ್ಕೆ ತಂದದ್ದು. ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಊರೂರಿಗೆ ಹಂಚಿದವು. ಮೇಲೆ ಕಡಿದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾದಾಗ, ಹಾರೆ ಹಾಕಿ ಬುಡವನ್ನೇ ಎಬ್ಬಿಸಬೇಕು. 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು ದೇಶವನ್ನೆಲ್ಲ ಹಬ್ಬಿದ ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಅದೂ ಕೈಚೀಲ ತೊಟ್ಟು, ಏಕೆಂದರೆ ಕೆಲವರಿಗೆ ಅದರಿಂದ ಚರ್ಮದ ಉರಿ, ಉಬ್ಬಸ ಬರುತ್ತವೆ. ಹಳೆಯ ಹೆಂಚು, ಕಲ್ಲುಗಳ ರಾಶಿಗೆ ಬರಿಗೈ ಹಾಕಬೇಡಿ. ಕೋಲಿನಿಂದ ತಟ್ಟಿ, ಅಲ್ಲಿ ವಾಸವಾಗಿರುವವರಿಗೆ ಹೊರಡಲು ಸಮಯ ಕೊಡಿ.

ಮೂರನೆಯದು, ಇಡೀ ಹಿತ್ತಲನ್ನು ಒಮ್ಮೆಗೇ ಗೆಲ್ಲುವ ಆಸೆ ಬೇಡ. ಬೋಳಾದ ನೆಲದಲ್ಲಿ ಮಳೆಗಾಲ ಮುಗಿಯುವುದರೊಳಗೆ ಕಳೆ ಮೊದಲಿನ ಎರಡರಷ್ಟು ಏಳುತ್ತದೆ. ಮೊದಲ ವರ್ಷ ಹಿಂಬಾಗಿಲಿನಿಂದ ಬಾವಿಯವರೆಗಿನ ತುಂಡು ಸಾಕು. ಉಳಿದ ಕಡೆ ಹುರುಳಿಯನ್ನೋ ಅಪ್ಸೆಣಬನ್ನೋ ಚೆಲ್ಲಿ. ಅಪ್ಸೆಣಬನ್ನು ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಮಗುಚಿದರೆ ಅದೇ ಗೊಬ್ಬರ. ಒಂದೂವರೆ ಅಡಿಯ ಗುಣಿ ತೋಡಿ ನೀರು ತುಂಬಿಸಿ. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಏರುಮಡಿಯೇ ಗತಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳಬಹುದು.

ಇನ್ನು ನೆಡುವ ಮಾತು. ಗುಣಿಗಳನ್ನು ಬೇಸಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೃಗಶಿರಾ ಮಳೆಯ ಹೊತ್ತಿಗೆ ಮೇಲ್ಮಣ್ಣು ಮತ್ತು ಕಳಿತ ಗೊಬ್ಬರ ತುಂಬಿ ನೆಡಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಊಟಕ್ಕೆ ಕರೆದಂತೆ. ತೆಂಗಿಗೆ 3 ಅಡಿ ಉದ್ದ, ಅಗಲ, ಆಳದ ಗುಣಿ. ಸಸಿಯಿಂದ ಸಸಿಗೆ 25 ಅಡಿ ಅಂತರ. ಇಂದು ಮೊಣಕಾಲೆತ್ತರದ ಸಸಿ ನಾಳೆ ಎಷ್ಟು ಅಗಲಕ್ಕೆ ಹರಡುತ್ತದೆಂದು ನೋಡದೆ ಒತ್ತೊತ್ತಾಗಿ ನೆಡುವುದು ಹೊಸಬರೆಲ್ಲರ ತಪ್ಪು. ಮಾವು, ಹಲಸು ಗೋಡೆಯಿಂದ ದೂರವಿರಲಿ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ಅಡುಗೆಮನೆಗೆ ಹತ್ತಿರ ಕರಿಬೇವು, ದೊಡ್ಡಪತ್ರೆ. ಬೇಲಿಯ ಮೂಲೆಯಲ್ಲಿ ನುಗ್ಗೆಯ ಕೊಂಬೆ ಊರಿದರೂ ಚಿಗುರುತ್ತದೆ. ತರಕಾರಿ ಮಡಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನೀವು ಪೇಟೆಯಲ್ಲಿದ್ದರೆ ದಿನವೂ ನೀರು ಕೇಳುವ ಗಿಡ ಬೇಡ. ನೆರೆಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಿ: ನೀರು ಅವರದು, ಫಲದಲ್ಲಿ ಅರ್ಧವೂ ಅವರದು.

ಇದೆಲ್ಲ ಪಂಡಿತನಿಗೇಕೆ ಎನ್ನಬೇಡಿ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಂತರ್ಜಲವನ್ನು ಗುರುತಿಸುವ ವಿಚಾರವುಂಟು, ವೃಕ್ಷಾಯುರ್ವೇದವುಂಟು, ಅಡುಗೆಯೂ ಉಂಟು. ನೀರು, ಗಿಡ, ಊಟ ಇವು ಒಂದೇ ಗ್ರಂಥಕ್ಕೆ ಸೇರಿದವೆಂದು ಆತ ತಿಳಿದಿದ್ದ. ನಾನು ಆ ಗ್ರಂಥವನ್ನು ಓದಿಯೂ ಮಲ್ಲಿಗೆಯನ್ನು ಗುರುತಿಸದೆ ಹೋದೆ.

ಮಲ್ಲಿಗೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಕ್ಕ ಮದುವೆಯಾಗಿ ಹೊರಟಾಗ ಅಮ್ಮ ಆ ಗಿಡದ ಬಳ್ಳಿಯೊಂದನ್ನು ಮಣ್ಣಿಗೆ ಬಗ್ಗಿಸಿ, ಬೇರು ಬರಿಸಿ ಕಳುಹಿಸಿದ್ದಳಂತೆ. ಮರುವರ್ಷ ಮಳೆ ಹಿಡಿದಾಗ ಅಕ್ಕ ತನ್ನ ಮನೆಯ ಕುಂಡದಿಂದ ಅಂಥದೇ ಒಂದು ಸಸಿ ತಂದಳು. ಬಾವಿಯ ಪಕ್ಕದಲ್ಲಿ, ಅದೇ ಜಾಗದಲ್ಲಿ, ಅವಳೇ ನೆಟ್ಟಳು. ನಾನು ನೀರು ಹೊಯ್ದೆ. "ಇದು ಮಲ್ಲಿಗೆ, ಬರೆದುಕೋ" ಎಂದಳು. ಬರೆದುಕೊಂಡಿದ್ದೇನೆ.

ಮುಂದಿನ ಸಲ ನೀವು ಊರಿಗೆ ಹೋದಾಗ ಹಿಂಬಾಗಿಲನ್ನು ಬೇಗ ಮುಚ್ಚಬೇಡಿ. ಮೊದಲು ನೋಡಿ, ಬಲ್ಲವರನ್ನು ಕೇಳಿ, ಬರೆದುಕೊಳ್ಳಿ. ಆಮೇಲೆ ಗುದ್ದಲಿ ಹಿಡಿಯಿರಿ.